ಅಟ್ಟದ ಕೆಳಗಿನ ಉಸಿರು

ಆರೋಗ್ಯ ಸಹಾಯಕಿಯರಾಗಿ ಹೊಸದಾಗಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು ಚುಚ್ಚುಮದ್ದಿನ ಪಟ್ಟಿ, ರಿಪೋರ್ಟು ಕೊಡುವ ತಾರೀಖು, ಕ್ವಾರ್ಟರ್ಸಿನಲ್ಲಿ ನೀರು ಬರುತ್ತದೆಯೋ ಇಲ್ಲವೋ ಎಂಬುದು. ಅವನ್ನೆಲ್ಲ ಕಚೇರಿಯವರೇ ಹೇಳಿಕೊಡುತ್ತಾರೆ. ಕಚೇರಿಯವರು ಹೇಳದ ಒಂದು ಸಂಗತಿ ನನ್ನ ಹತ್ತಿರ ಇದೆ. ಅದನ್ನು ನಾನು ಇಪ್ಪತ್ತು ವರ್ಷ ತಡವಾಗಿ ಕಲಿತೆ. ನಾನು ಕಲಿಯುವ ಹೊತ್ತಿಗೆ ಒಬ್ಬಳ ಎದೆ ಪೂರಾ ಹಾಳಾಗಿತ್ತು. ಅದಕ್ಕೇ ಈ ಬರವಣಿಗೆ.

ನನ್ನ ಉಪಕೇಂದ್ರ ಇದ್ದದ್ದು ಹಂದನಕೆರೆಯಿಂದ ಒಳಗೆ, ತೆಂಗಿನ ತೋಟಗಳ ನಡುವಿನ ಒಂದು ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೇ.

ನಾನು ತರಬೇತಿ ಪಡೆದ ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಯುತ್ತಿದ್ದರು. ಐದೂಕಾಲಿಗೆ ಹಾಸಿಗೆ ಮಡಿಸಿರಬೇಕು, ಹೊದಿಕೆಯ ಅಂಚು ನಾಲ್ಕೂ ಮೂಲೆ ಕೂಡಿರಬೇಕು. ಇವತ್ತಿಗೂ ಆ ಅಭ್ಯಾಸ ಬಿಟ್ಟಿಲ್ಲ. ಭೇಟಿಯ ಚೀಲದಲ್ಲಿ ಎಡಕ್ಕೆ ಮಾತ್ರೆ, ಬಲಕ್ಕೆ ಹತ್ತಿ, ಸ್ಪಿರಿಟ್ಟು, ಮಧ್ಯೆ ಬಿ.ಪಿ. ಉಪಕರಣ, ಹಿಂದಿನ ಜೇಬಿನಲ್ಲಿ ಪುಸ್ತಕಗಳು. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದೇ ಸಿಗಬೇಕು. ಈ ಶಿಸ್ತು ನನ್ನನ್ನು ಎಷ್ಟೋ ಕಡೆ ಕಾಪಾಡಿದೆ. ಒಂದು ಕಡೆ ಕುರುಡು ಮಾಡಿತು.

ನನ್ನ ಮೊದಲ ಮೇಲಧಿಕಾರಿ ಲೀಲಮ್ಮನವರು. ಇಸ್ತ್ರಿ ಮಾಡಿದ ಬಿಳಿ ಸೀರೆ, ಕೈಯಲ್ಲಿ ಕೊಡೆ. ಮಾತು ಕಡಿಮೆ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ಕೂರಿಸಿಕೊಂಡು ಒಂದು ನಿಯಮ ಹೇಳಿಕೊಟ್ಟರು. ಯಾರ ಮನೆಗೆ ಹೋದರೂ ಜಗಲಿಯಲ್ಲಿ ಕೂರು. ಹೆರಿಗೆಗೆ ಕರೆದರೆ ಹೆರಿಗೆಯ ಕೋಣೆಗೆ ಹೋಗು. ಅಡಿಗೆಮನೆ, ದೇವರಮನೆ ಹೊಸ್ತಿಲು ಮಾತ್ರ ದಾಟಬೇಡ. ಇದಕ್ಕೆ ಕಾರಣವಿತ್ತು. ನನಗಿಂತ ಮುಂಚೆ ಇದ್ದ ಹುಡುಗಿಯೊಬ್ಬಳು ನೀರು ಕುಡಿಯಲು ಒಂದು ಮನೆಯ ಅಡಿಗೆಮನೆಗೆ ಕಾಲಿಟ್ಟಳು. ಮಡಿ ಕೆಟ್ಟಿತೆಂದು ಜಗಳವಾಗಿ, ಆ ಕೇರಿಯವರು ಒಂದು ವರ್ಷ ತಮ್ಮ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲಿಲ್ಲ. ಊರಿನಲ್ಲಿ ಹೆಚ್ಚಿನವರು ಲಿಂಗಧಾರಿಗಳು, ತೆಂಗು ಬೆಳೆಯುವ ಹಳೆಯ ಮನೆತನಗಳು. ನಾನು ಅವರ ಪೈಕಿಯವಳಲ್ಲ. ಲೀಲಮ್ಮನವರ ಮಾತನ್ನು ನಾನು ವೇದವಾಕ್ಯದ ಹಾಗೆ ಪಾಲಿಸಿದೆ. ಹಾಗೆ ಪಾಲಿಸಿದ್ದಕ್ಕೆ ಹೆಮ್ಮೆಯೂ ಇತ್ತು.

ಗೌರಮ್ಮ ನನ್ನದೇ ವಯಸ್ಸಿನವಳು. ನಾನು ಇಪ್ಪತ್ತೆರಡಕ್ಕೆ ಆ ಊರಿಗೆ ಕೆಲಸಕ್ಕೆ ಬಂದಾಗ ಅವಳು ಇಪ್ಪತ್ತೆರಡಕ್ಕೆ ಒಂದು ಗಂಡುಮಗುವಿನ ತಾಯಿ. ಮರುವರ್ಷ ಹೆಣ್ಣುಮಗು ಹುಟ್ಟಿತು. ಸುಧಾ ಎಂದು ಹೆಸರಿಟ್ಟರು. ಅದು ನನ್ನ ಕೈಯಲ್ಲೇ ಆದ ಹೆರಿಗೆ. ಇನ್ನೊಂದು ವರ್ಷಕ್ಕೆ ನಾನೇ ಗೌರಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡು ಬಂದೆ. ನನ್ನ ಲೆಕ್ಕಕ್ಕೆ ಅದು ಮೊದಲ ಕೇಸು. ಲೀಲಮ್ಮನವರು ಸಭೆಯಲ್ಲಿ ನನ್ನ ಹೆಸರು ಹೇಳಿದರು.

ಆಗ ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಊರಿನ ಗಂಡಹೆಂಡಿರ ಹೆಸರು ಬರೆದ ಒಂದು ದೊಡ್ಡ ರಿಜಿಸ್ಟರ್. ಹೆಂಗಸರಲ್ಲಿ ಹೆರುವ ವಯಸ್ಸಿನವರು ಮಾತ್ರ ಅದರಲ್ಲಿ ಇರುತ್ತಿದ್ದರು. ಬಸುರಾದರೆ ಒಂದು ಗುರುತು, ಹೆತ್ತರೆ ಇನ್ನೊಂದು. ಆಪರೇಷನ್ ಆಯಿತೆಂದರೆ ಹೆಸರಿನ ಮೇಲೆ ಕೆಂಪು ಗೆರೆ. ಗೆರೆ ಎಳೆದ ಮನೆಗೆ ಮತ್ತೆ ಹೋಗುವುದು ಮಗುವಿನ ಚುಚ್ಚುಮದ್ದಿಗೆ, ಅದು ಮುಗಿದ ಮೇಲೆ ಅದೂ ಇಲ್ಲ. ಗೌರಮ್ಮನ ಹೆಸರಿನ ಮೇಲೆ ನಾನು ಸ್ಕೇಲಿಟ್ಟು ಗೆರೆ ಎಳೆದೆ. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಇಲಾಖೆಯ ಮಟ್ಟಿಗೆ ಅಲ್ಲಿಗೆ ಅವಳ ದೇಹದ ಕೆಲಸ ಮುಗಿದಿತ್ತು. ಗಂಡಸರಿಗಾದರೆ ಈ ಪುಸ್ತಕದಲ್ಲಿ ಹೆಸರಿಗಿಂತ ಹೆಚ್ಚಿನ ಜಾಗವೇ ಇರಲಿಲ್ಲ. ಜ್ವರ ಬಂದರೆ ಮಲೇರಿಯಾ ನೋಡಲು ಗಾಜಿನ ಮೇಲೆ ರಕ್ತದ ಲೇಪ, ಕೆಮ್ಮಿದರೆ ಕಫದ ಡಬ್ಬಿ. ಅಷ್ಟೇ.

ಗಂಡಸರ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದವನು ಹನುಮಂತಯ್ಯ, ಮರ ಹತ್ತಿ ಕಾಯಿ ಕೀಳುವವನು. ಅವನ ಹೆಂಡತಿ ಬಂದು, ಇವನಿಗೆ ಬೆಳಿಗ್ಗೆ ಎದ್ದರೆ ತಲೆ ತಿರುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎಂದು ಹೇಳಿ ಹೋದಳು. ಕೇಂದ್ರಕ್ಕೆ ಬರಲು ಹೇಳಿ ಕಳಿಸಿದೆ. ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದರೆ ನಕ್ಕ.

"ಹೆರಿಗೆ ಮನೆಗೆ ನಾನ್ಯಾಕೆ ಬರ್ಲಿ ನರ್ಸಮ್ಮ? ನಂಗೇನು ತಿಂಗಳು ತುಂಬೈತಾ?"

ಜೊತೆಯಲ್ಲಿದ್ದವರೂ ನಕ್ಕರು. ನಾನೂ ನಕ್ಕು ಮುಂದೆ ಹೋದೆ. ಬಿ.ಪಿ. ಉಪಕರಣ ನನ್ನ ಚೀಲದಲ್ಲೇ ಇತ್ತು. ರಸ್ತೆಯಲ್ಲಿ ನಿಲ್ಲಿಸಿ ಗಂಡಸಿನ ತೋಳಿಗೆ ಪಟ್ಟಿ ಸುತ್ತುವುದು ಪದ್ಧತಿಯಲ್ಲಿರಲಿಲ್ಲ. ಎರಡು ತಿಂಗಳ ಮೇಲೆ ಅವನು ಮರದ ಸುಳಿಯ ಹತ್ತಿರದಿಂದ ಬಿದ್ದ. ಕಾಲು ಜಾರಿ ಬಿದ್ದವನು ಕೈ ಚಾಚುತ್ತಾನೆ, ಏನಾದರೂ ಹಿಡಿಯಲು ನೋಡುತ್ತಾನೆ. ಇವನು ಮೂಟೆಯ ಹಾಗೆ ಬಿದ್ದನೆಂದು ಕೆಳಗೆ ಕಾಯಿ ಆರಿಸುತ್ತಿದ್ದವರು ಹೇಳಿದರು. ಸತ್ತಾಗ ನಲವತ್ತೊಂದು ವರ್ಷ.

ಅವತ್ತಿನಿಂದ ನಾನು ಲೀಲಮ್ಮನವರ ಅನುಮತಿ ಕೇಳಿ ವಾರಕ್ಕೊಂದು ದಿನ ಅರಳಿಕಟ್ಟೆಯ ಮೇಲೆ ಕೂತು ಗಂಡಸರ ಬಿ.ಪಿ. ನೋಡತೊಡಗಿದೆ. ಮೊದಲು ಗೇಲಿ ಮಾಡಿದರು. ಆಮೇಲೆ ಒಬ್ಬನ ನಂಬರು ಇನ್ನೊಬ್ಬನಿಗಿಂತ ಎಷ್ಟು ಹೆಚ್ಚು ಎಂದು ಪೈಪೋಟಿಗೆ ನೋಡಿಸಿಕೊಂಡರು. ಅಂತೂ ನೋಡಿಸಿಕೊಂಡರು. ಗಂಡಸರು ನಮ್ಮ ಜಾಗಕ್ಕೆ ಬರುವುದಿಲ್ಲ, ಅವರು ಕೂರುವ ಜಾಗಕ್ಕೆ ನಾವು ಹೋಗಬೇಕು. ಇದನ್ನು ತಿಳಿದುಕೊಂಡೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೆಂಗಸರು ದಿನದಲ್ಲಿ ಹೆಚ್ಚು ಹೊತ್ತು ಎಲ್ಲಿ ಕೂರುತ್ತಾರೆ ಎಂದು ಕೇಳಿಕೊಳ್ಳಲಿಲ್ಲ. ಅವರು ಹೇಗೂ ಜಗಲಿಗೆ ಬರುತ್ತಾರಲ್ಲ ಎಂದುಕೊಂಡೆ.

ಗೌರಮ್ಮನ ಗಂಡ ಶಿವಣ್ಣ ಒಳ್ಳೆಯ ಮನುಷ್ಯ. ಕೂಗಾಡಿದವನಲ್ಲ, ಕುಡಿದವನಲ್ಲ. ಬೀಡಿ ಮಾತ್ರ ವಿಪರೀತ. ಕ್ಷಯದ ಸಮೀಕ್ಷೆ ಬಂದ ವರ್ಷ ಮನೆಮನೆಗೂ ಒಂದೊಂದು ನಮೂನೆ ತುಂಬಬೇಕಾಗಿತ್ತು. ಅದರಲ್ಲಿ ಕೆಮ್ಮು ಎಷ್ಟು ದಿನದಿಂದ, ಧೂಮಪಾನ ಉಂಟೇ, ಎಂದು ಪ್ರಶ್ನೆಗಳಿದ್ದವು. ಕೆಲಸ ಬೇಗ ಆಗಲೆಂದು ನಾನು ಹಿಂದಿನ ದಿನವೇ ಹೆಂಗಸರ ಸಾಲುಗಳಲ್ಲೆಲ್ಲ ಧೂಮಪಾನದ ಎದುರಿಗೆ 'ಇಲ್ಲ' ಎಂದು ಬರೆದಿಟ್ಟುಕೊಂಡಿದ್ದೆ. ನಮ್ಮ ಕಡೆ ಹೆಂಗಸರು ಸೇದುವುದಿಲ್ಲ, ಕೇಳಿದರೆ ಅವಮಾನ. ಒಂದು ದಿನದಲ್ಲಿ ಅರವತ್ತು ಮನೆ ಮುಗಿಸಿದೆ. ಲೀಲಮ್ಮನವರು ಆ ಹಾಳೆಗಳನ್ನು ಬೇರೆ ಹುಡುಗಿಯರಿಗೆ ತೋರಿಸಿ, ಬರೆದರೆ ಹೀಗೆ ಬರೆಯಬೇಕು ಎಂದರು.

ಶಿವಣ್ಣನಿಗೆ ಕೆಮ್ಮಿತ್ತು. ಮೂರು ಸಲ ಕಫ ಪರೀಕ್ಷೆ, ಎರಡು ಸಲ ಎಕ್ಸ್‌ರೇ ಮಾಡಿಸಿದೆ. ಕ್ಷಯ ಇರಲಿಲ್ಲ. ಬೀಡಿ ಬಿಡಿಸುವುದೆಂದು ಹಟ ಹಿಡಿದೆ. ತಿಂಗಳಿಗೆರಡು ಸಲ ಹೋಗಿ ಅವರ ಜಗಲಿಯ ಮೇಲೆ ಕೂತು ಉಪದೇಶ ಮಾಡಿದೆ. ಒಂದೆರಡು ವರ್ಷದ ಮೇಲೆ ಅವನು ಬಿಟ್ಟೂ ಬಿಟ್ಟ. ನಾನು ಹಾಗೆ ಉಪದೇಶ ಮಾಡುವಾಗಲೆಲ್ಲ ನಡುಮನೆಯ ಬಾಗಿಲ ಹಿಂದೆ ಗೌರಮ್ಮ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಧ್ಯೆ ಮಧ್ಯೆ ಕೆಮ್ಮುತ್ತಿದ್ದಳು. ಆ ಕೆಮ್ಮು ನನ್ನ ಕಿವಿಗೆ ಬಿದ್ದದ್ದು ನನಗೆ ನೆನಪಿದೆ. ಒಂದು ಸಲ ಹೊರಗೆ ಕರೆದು ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಬಿಳಚಿಕೊಂಡಿತ್ತು. ನಿಶ್ಶಕ್ತಿ ಎಂದು ಕಬ್ಬಿಣದ ಮಾತ್ರೆ ಕೊಟ್ಟೆ. ಹೆಂಗಸು ಏನೇ ಹೇಳಿಕೊಂಡು ಬಂದರೂ, ಸುಸ್ತೆಂದರೂ ಎದೆ ಬಿಗಿಯುತ್ತದೆಂದರೂ, ನನ್ನ ಕೈ ಮೊದಲು ಹೋಗುತ್ತಿದ್ದದ್ದು ಆ ಮಾತ್ರೆಯ ಡಬ್ಬಕ್ಕೆ. ಅಷ್ಟು ವರ್ಷದಲ್ಲಿ ಆ ಜಾಗಕ್ಕೆ ನೋಡದೆ ಕೈ ಹೋಗುವುದು ಅಭ್ಯಾಸವಾಗಿತ್ತು.

ಊರಿನಲ್ಲಿ ವಿಧವೆಯರು ಹೆಚ್ಚು, ಹೆಂಡತಿ ಸತ್ತ ಗಂಡಸರು ಕಡಿಮೆ. ಕಟ್ಟೆಯ ಮೇಲೆ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೆಣ್ಣುಜೀವ ಗಟ್ಟಿ ಎನ್ನುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಗಂಡಸರು ಮರದಿಂದ ಬಿದ್ದು, ಎದೆ ಹಿಡಿದುಕೊಂಡು, ಕುಡಿದು ಬೇಗ ಹೋಗುತ್ತಾರೆ ಎಂಬುದು ನಿಜ. ಆದರೆ ಉಳಿದವರು ಹೇಗೆ ಉಳಿದಿದ್ದಾರೆ ಎಂದು ನಾನು ಬಗ್ಗಿ ನೋಡಲಿಲ್ಲ. ಮೆಟ್ಟಿಲು ಹತ್ತಲಾರದೆ, ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರೆಳೆದು, ಕೂತು ನಿದ್ದೆ ಮಾಡುವ ಬಾಳನ್ನು ಗಟ್ಟಿ ಎಂದು ಕರೆಯಬಹುದೇ?

ಗೌರಮ್ಮನಿಗೂ ನನಗೂ ನಲವತ್ತೆರಡು ತುಂಬಿದ ವರ್ಷ. ಮಳೆ ಹಿಡಿದು ಐದಾರು ದಿನವಾಗಿತ್ತು. ನಾನು ಅವರ ಪಕ್ಕದ ಮನೆಯ ಕೂಸಿನ ತೂಕ ನೋಡುತ್ತಿದ್ದಾಗ ಗೌರಮ್ಮನ ಅತ್ತೆ ಪಾರ್ವತಮ್ಮ ಬಾಗಿಲಿಗೆ ಬಂದು ನಿಂತರು. "ಅವಳು ಒಲೆ ಮುಂದೆ ಬಿದ್ದವ್ಳೆ, ಬಾರವ್ವ" ಎಂದರು.

ನಾನು ಓಡಿದೆ. ಅಡಿಗೆಮನೆಯ ಬಾಗಿಲಿಗೆ ಬಂದಾಗ ಕಾಲು ತಾನಾಗಿಯೇ ನಿಂತಿತು. ಇಪ್ಪತ್ತು ವರ್ಷದ ಅಭ್ಯಾಸ. ಒಳಗಿನಿಂದ ಹೊಗೆ ಮುಖಕ್ಕೆ ರಾಚಿತು. ಪಾರ್ವತಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು ಒಳಕ್ಕೆ ತಳ್ಳಿದರು.

ಒಳಗೆ ಏನೂ ಕಾಣಲಿಲ್ಲ. ಬಗ್ಗಿ ನೆಲದ ಮಟ್ಟಕ್ಕೆ ಹೋದ ಮೇಲೆ ಗೌರಮ್ಮ ಕಂಡಳು. ಗೋಡೆಗೊರಗಿ, ಎರಡು ಕೈಯನ್ನೂ ಮಂಡಿಗೆ ಊರಿ, ಬಾಯಿ ತೆರೆದುಕೊಂಡಿದ್ದಳು. ತುಟಿ ನೀಲಿ. ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹಿತ್ತಿಲಿಗೆ ಬಂದೆ. ಮಗ ತೋಟದಿಂದ ಬಂದು ಲಗೇಜ್ ಆಟೋ ತರಿಸುವವರೆಗೆ ಹದಿನೈದು ನಿಮಿಷ ಅವಳನ್ನು ಕೂರಿಸಿ ಹಿಡಿದುಕೊಂಡಿದ್ದೆ. ಆಮೇಲೆ ಚೀಲ ತರಲು ಮತ್ತೆ ಒಳಗೆ ಹೋದಾಗ ಆ ಅಡಿಗೆಮನೆಯನ್ನು ಮೊದಲ ಸಲ ನೋಡಿದೆ.

ನಮ್ಮ ಕಡೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆ ಕಡೆಯಿಂದ ಕೆಲಸಕ್ಕೆ ಬರುವವರಿಗೆ ಹೇಳುತ್ತೇನೆ. ತಿಪಟೂರು ಸೀಮೆಯಲ್ಲಿ ಕಾಯನ್ನು ಒಡೆದು ಒಣಗಿಸುವುದಿಲ್ಲ. ಇಡೀ ಕಾಯನ್ನು ಅಟ್ಟದ ಮೇಲೆ ಹರಡಿ, ಹತ್ತು ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿಯುತ್ತಾರೆ. ಹಲವರು ತೋಟದಲ್ಲಿ ಬೇರೆ ಶೆಡ್ಡು ಕಟ್ಟಿಕೊಂಡಿದ್ದಾರೆ. ಶಿವಣ್ಣನ ಮನೆಯಲ್ಲಿ ಅಟ್ಟ ಅಡಿಗೆಮನೆಯ ಮೇಲಿತ್ತು. ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳು, ಅದರ ಮೇಲೆ ಸಾವಿರಾರು ಕಾಯಿ. ಕೆಳಗಿನ ಒಲೆಯ ಕಾವು, ಹೊಗೆ ಆ ಸಂದುಗಳಲ್ಲಿ ಏರಿ ಕಾಯಿಗೆ ಹತ್ತಬೇಕು. ಮಳೆಗಾಲದಲ್ಲಿ ಥಂಡಿಗೆ ಕೊಬ್ಬರಿ ಕೊಳೆಯದಿರಲೆಂದು ಅಡಿಗೆ ಮುಗಿದ ಮೇಲೂ ಒಲೆಯಲ್ಲಿ ಹಸಿ ಮಟ್ಟೆ, ಚಿಪ್ಪು ಇಟ್ಟು ಹೊಗೆ ಎಬ್ಬಿಸಬೇಕು. ಅದನ್ನು ನೋಡಿಕೊಳ್ಳುವುದು ಹೆಂಗಸಿನ ಕೆಲಸ. ಗಂಡಸರು ಅಟ್ಟಕ್ಕೆ ಹತ್ತುವುದು ವರ್ಷದಲ್ಲಿ ಎರಡು ಸಲ, ಕಾಯಿ ಏರಿಸಲು ಮತ್ತು ಇಳಿಸಲು.

ಒಲೆಯ ಹಿಂದೆ ಗೋಡೆಯಲ್ಲಿ ಒಂದು ಸಿಮೆಂಟಿನ ಹೊಗೆ ಕೊಳವೆ ಇತ್ತು. ಹೊಗೆರಹಿತ ಒಲೆಯ ಯೋಜನೆ ಬಂದಾಗ ನಮ್ಮ ಇಲಾಖೆಯವರೂ ಸೇರಿ ಹಾಕಿಸಿದ್ದು. ಹಾಕಿಸಿದ ಮನೆಗಳ ಪಟ್ಟಿಯಲ್ಲಿ ಈ ಮನೆಗೆ ಗುರುತು ಹಾಕಿದವಳು ನಾನೇ, ಜಗಲಿಯ ಮೇಲೆ ಕೂತು, ಇದೆಯಾ ಎಂದು ಕೇಳಿ, ಇದೆ ಎಂದ ಮೇಲೆ. ಕೊಳವೆಯ ಬಾಯಿಗೆ ಗೋಣಿತಾಟು ತುರುಕಿ ಮಣ್ಣು ಮೆತ್ತಿದ್ದರು. ಹೊಗೆ ಹೊರಗೆ ಹೋದರೆ ಅಟ್ಟಕ್ಕೆ ಏನು ಸಿಗುತ್ತದೆ?

ತಿಪಟೂರಿನಲ್ಲಿ ಎದೆಯ ಡಾಕ್ಟರೊಬ್ಬರಿಗೆ ತೋರಿಸಿದೆವು. ಆಮ್ಲಜನಕ ಕೊಟ್ಟು, ಮಾರನೆಯ ದಿನ ಉಸಿರು ಅಳೆಯುವ ಯಂತ್ರಕ್ಕೆ ಊದಿಸಿ ಪರೀಕ್ಷೆ ಮಾಡಿದ ಮೇಲೆ ಅವರು ಶಿವಣ್ಣನನ್ನು ಕರೆದರು.

"ಎಷ್ಟು ವರ್ಷದಿಂದ ಸೇದ್ತಾ ಇದಾರೆ?"

"ಬಿಟ್ಟು ಆರು ವರ್ಷ ಆಯ್ತು ಸಾರ್. ಈ ಸಿಸ್ಟರೇ ಬಿಡಿಸಿದ್ದು."

"ನಿಮ್ಮದಲ್ಲಪ್ಪ. ಇವರದು ಕೇಳ್ತಿರೋದು."

ಶಿವಣ್ಣನ ಮುಖ ಕಪ್ಪಾಯಿತು. "ನಮ್ಮನೆ ಹೆಂಗಸ್ರು ಅಂಥೋರಲ್ಲ ಸಾರ್" ಎಂದ. ನಾನು ಮಧ್ಯೆ ಬಂದು ಅಡಿಗೆಮನೆಯ ವಿಷಯ ಹೇಳಿದೆ.  ಡಾಕ್ಟರು ನನಗೆ ತಿಳಿಯುವಂತೆ ಹೇಳಿದರು. ಮೂವತ್ತು ವರ್ಷ ಬೀಡಿ ಸೇದಿದವನ ಎದೆಗೂ ಇವರ ಎದೆಗೂ ವ್ಯತ್ಯಾಸವಿಲ್ಲ. ಹೆಂಗಸಿನ ಉಸಿರುಕೊಳವೆ ಹುಟ್ಟಿನಿಂದಲೇ ಸಣ್ಣದು, ಅದೇ ಹೊಗೆ ಅವರಿಗೆ ಹೆಚ್ಚು ತಾಗುತ್ತದೆ. ಹೋದದ್ದು ವಾಪಸು ಬರುವುದಿಲ್ಲ. ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪನ್ನು ದಿನಾ ಬಳಸಿ, ಹೊಗೆಯಿಂದ ದೂರ ಇದ್ದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಗೌರಮ್ಮನ ದೇಹವೂ ಬೇರೆ, ಆ ದೇಹವನ್ನು ಕೂರಿಸಿದ ಜಾಗವೂ ಬೇರೆ. ಎರಡೂ ಸೇರಿ ಅವಳನ್ನು ಹಿಂಡಿದ್ದವು. ನಾನು ಎರಡನ್ನೂ ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ಜಗಳ ಏನೂ ಆಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು. ಶಿವಣ್ಣ ಎಲ್ಲಕ್ಕೂ ಹೂಂ ಎಂದ. ತೋಟದಲ್ಲಿ ಶೆಡ್ಡು ಹಾಕಿಸುತ್ತೇನೆ, ಈ ವರ್ಷದ ಕಾಯಿ ಇಳಿಯಲಿ ಎಂದ. ಗ್ಯಾಸ್ ಒಲೆ ತಂದು ಕೊಟ್ಟ. ಅದು ಕಾಫಿಗೆ ಆಯಿತು, ಅಟ್ಟಕ್ಕೆ ಆಗಲಿಲ್ಲ. ಪಾರ್ವತಮ್ಮ ಮಾತ್ರ ಮುಖಕ್ಕೆ ಹೇಳಿದರು: "ನಾನು ನಲ್ವತ್ತು ವರ್ಷ ಊದಿದೀನಿ ಕಣವ್ವ. ನಂಗೇನಾಗೈತೆ?" ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿದರು.

ಸಮಸ್ಯೆ ಬೇರೆ ಕಡೆಯಿಂದ ಬಂತು. ಸುಧಾಳಿಗೆ ಹತ್ತೊಂಬತ್ತು ನಡೆಯುತ್ತಿತ್ತು, ಗಂಡು ನೋಡುತ್ತಿದ್ದರು. ಉಬ್ಬಸ ತಾಯಿಯಿಂದ ಮಗಳಿಗೆ ಇಳಿಯುತ್ತದೆಂದು ನಮ್ಮ ಕಡೆ ನಂಬಿಕೆ. ಗಂಡಸು ಕೆಮ್ಮಿದರೆ ಬೀಡಿ ಎನ್ನುತ್ತಾರೆ, ಹೆಂಗಸು ಕೆಮ್ಮಿದರೆ ವಂಶ ಎನ್ನುತ್ತಾರೆ. ಪಂಪು ಎಳೆಯುವ ಹೆಂಗಸಿನ ಮಗಳನ್ನು ಯಾರು ತರುತ್ತಾರೆ? ಒಂದು ದಿನ ಹೋದಾಗ ಗೌರಮ್ಮ ಪಂಪನ್ನು ನನ್ನ ಕೈಗೇ ಕೊಟ್ಟಳು.

"ತಗೊಂಡೋಗಿ ಸಿಸ್ಟ್ರೇ. ಮನೇಲಿದ್ರೆ ಯಾರಾದ್ರೂ ನೋಡ್ತಾರೆ."

ಬೈದೆ. ಅವಳು ಬೈಗುಳ ಮುಗಿಯುವವರೆಗೆ ಕಾದಳು. ಆಮೇಲೆ ಉಸಿರು ಸೇರಿಸಿಕೊಂಡು ನಿಧಾನವಾಗಿ ಹೇಳಿದಳು: "ನನ್ನ ಉಸ್ರು ನಂಗೊತ್ತು. ಒಂದೆರಡು ವರ್ಷ ತಡ್ಕೋತದೆ. ಹುಡ್ಗೀದು ತಡ್ಕೊಳ್ಳಲ್ಲ."

ಪಂಪನ್ನು ನಾನು ಉಪಕೇಂದ್ರದಲ್ಲಿ ಇಟ್ಟುಕೊಂಡೆ. ಎಳೆದುಕೊಳ್ಳಬೇಕೆನಿಸಿದಾಗ ಅಲ್ಲಿಗೇ ಬಂದು ಹೋಗು ಎಂದೆ. ಆರಂಭದಲ್ಲಿ ದಿನಾ ಬಂದಳು. ಆಮೇಲೆ ದಿನಾ ನರ್ಸಮ್ಮನ ಹತ್ತಿರ ಏನು ಕೆಲಸ ಎಂದು ಅಕ್ಕಪಕ್ಕದವರು ಕೇಳತೊಡಗಿದರು. ವಾರಕ್ಕೆ ಎರಡಾಯಿತು, ಒಂದಾಯಿತು.

ನಮ್ಮ ಕಡೆ ಹೆಣ್ಣು ಕೇಳಲು ಬರುವವರು ಹೆಣ್ಣಿನ ಮನೆಗಿಂತ ಮುಂಚೆ ಉಪಕೇಂದ್ರಕ್ಕೆ ಬಂದು ಹೋಗುವುದುಂಟು. ನರ್ಸಮ್ಮನಿಗೆ ಎಲ್ಲರ ಮನೆಯ ಒಳಗುಟ್ಟು ಗೊತ್ತಲ್ಲ. ಮಾಯಸಂದ್ರದ ಕಡೆಯಿಂದ ಒಬ್ಬ ಹಿರಿಯರು ಬಂದರು. ಹುಡುಗನ ಸೋದರಮಾವ. ಬಹಳ ಮರ್ಯಾದೆಯಿಂದ ಮಾತಾಡಿದರು. ಹವಾಮಾನ, ಕೊಬ್ಬರಿ ಎಲ್ಲ ಮಾತಾಡಿ ಕೊನೆಗೆ ಕೇಳಿದರು.

"ಶಿವಣ್ಣೋರ ಮನೇಲಿ ಉಬ್ಬಸ ಐತೆ ಅಂತಾರಲ್ರೀ, ಹೌದೇ?"

ಪಂಪು ನನ್ನ ಮೇಜಿನ ಸೆಳೆಖಾನೆಯಲ್ಲಿತ್ತು. ನಾನು ಕೆಲಸದಲ್ಲಿ ಸುಳ್ಳು ಹೇಳಿದವಳಲ್ಲ. ರಿಪೋರ್ಟಿನಲ್ಲಿ ಒಂದು ಅಂಕಿಯನ್ನೂ ತಿದ್ದಿದವಳಲ್ಲ.

"ಇಲ್ಲ" ಎಂದೆ. "ಮಳೆಗಾಲದಲ್ಲಿ ಎಲ್ಲರಿಗೂ ಇರುವ ನೆಗಡಿ ಅಷ್ಟೇ."

ಮುಂದಿನ ವರ್ಷ ಮದುವೆಯಾಯಿತು. ಧಾರೆಯ ಹೊತ್ತಿನಲ್ಲಿ ಧೂಪದ ಹೊಗೆ ಬರದ ಕಡೆ ಗೌರಮ್ಮನನ್ನು ಕೂರಿಸಲು ನಾನು ಒದ್ದಾಡಿದೆ. ಅವಳು ಒಂದು ಸಲವೂ ಕೆಮ್ಮಲಿಲ್ಲ. ಅಷ್ಟು ಜನರ ಮಧ್ಯೆ ಕೆಮ್ಮು ಹೇಗೆ ತಡೆದುಕೊಂಡಳೋ. ಕತ್ತಿನ ನರಗಳು ಹಗ್ಗದ ಹಾಗೆ ಎದ್ದು ನಿಂತಿದ್ದವು. ಬೀಗರು ಹೊರಟು ಹೋದ ಮೇಲೆ ಛತ್ರದ ಹಿಂದೆ ಕೂತು ಅರ್ಧ ಗಂಟೆ ಕೆಮ್ಮಿದಳು.

ಮದುವೆಯಾದ ಮೇಲೆ ಪಂಪನ್ನು ಮನೆಗೆ ತೆಗೆದುಕೊಂಡು ಹೋದಳು, ಸರಿಯಾಗಿ ಎಳೆದುಕೊಂಡಳು. ಮೂರನೆಯ ವರ್ಷ ಶಿವಣ್ಣ ಶೆಡ್ಡನ್ನೂ ಹಾಕಿಸಿದ. ಅಷ್ಟು ಹೊತ್ತಿಗೆ ಅವಳು ಜಗಲಿಯಿಂದ ಬಾವಿಯವರೆಗೆ ನಡೆಯಲು ಎರಡು ಕಡೆ ನಿಲ್ಲಬೇಕಾಗಿತ್ತು. ಕೊನೆಯ ಎರಡು ವರ್ಷ ಮಲಗಲೇ ಇಲ್ಲ. ದಿಂಬುಗಳನ್ನು ಒಟ್ಟಿ, ಅದರ ಮೇಲೆ ತಲೆ ಇಟ್ಟು ಕೂತೇ ಇದ್ದಳು. ಐವತ್ತಕ್ಕೆ ಹೋದಳು. ಮಣ್ಣಿಗೆ ಬಂದವರಲ್ಲಿ ಯಾರೋ ಒಬ್ಬರು ಪಾಪ, ವಯಸ್ಸಾಗಿತ್ತು ಎಂದರು. ಅವಳು ನನ್ನದೇ ವಯಸ್ಸಿನವಳು.

ತಿಂಗಳಾದ ಮೇಲೆ ಶಿವಣ್ಣ ಉಪಕೇಂದ್ರದ ಹತ್ತಿರ ಬಂದ. ಊರಿನ ಗಂಡಸರು ಯಾರೂ ಬಾರದ ಆ ಬಾಗಿಲೊಳಗೆ ಬಂದು ಬೆಂಚಿನ ಮೇಲೆ ಕೂತ. 

"ನೀವು ಹೇಳಿದ್ರಿ ಅಂತ ನಾನು ಬೀಡಿ ಬುಟ್ಟೆ ಸಿಸ್ಟ್ರೇ" ಎಂದ. "ಅವಳು ಏನು ಬುಡಬೇಕಿತ್ತು?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಅವನು ನಿಜವಾಗಿ ಕೇಳುತ್ತಿದ್ದ.   ಕಾಫಿ ಮಾಡಿಕೊಟ್ಟೆ. ಕುಡಿದು ಹೋದ.

ಆಮೇಲಿನ ಹತ್ತು ವರ್ಷ ನಾನು ಕೆಲಸದ ರೀತಿ ಬದಲಾಯಿಸಿದೆ. ಕೇಳಿಯೋ ಕೇಳದೆಯೋ ಅಡಿಗೆಮನೆ ನೋಡುತ್ತಿದ್ದೆ. ಒಂದೆರಡು ಮನೆಯವರು ಬೈದರು. ಕಾಲವೂ ಬದಲಾಗಿತ್ತು, ಚುಚ್ಚುಮದ್ದು ಯಾರೂ ನಿಲ್ಲಿಸಲಿಲ್ಲ. ಈಗಿನ ನಿಮಗೆ ಮೂವತ್ತು ದಾಟಿದವರೆಲ್ಲರ ಬಿ.ಪಿ., ಸಕ್ಕರೆ ನೋಡುವ ನಮೂನೆ ಇದೆ, ಗಂಡಸು ಹೆಂಗಸು ಇಬ್ಬರಿಗೂ. ಒಳ್ಳೆಯ ಬದಲಾವಣೆ. ಮೊಬೈಲಿನಲ್ಲಿ ತುಂಬುತ್ತೀರಿ. ಒಂದೇ ಮಾತು: ಉತ್ತರ ಮೊದಲೇ ತುಂಬಿಟ್ಟುಕೊಳ್ಳಬೇಡಿ.

ನಿವೃತ್ತಿಯಾದ ಮೇಲಿನ ಮಳೆಗಾಲದಲ್ಲಿ ನಾನು ಮಾಯಸಂದ್ರದ ಬಸ್ಸು ಹತ್ತಿದೆ. ಮದುವೆಯಾದ ಮೇಲೆ ಸುಧಾಳನ್ನು ನಾಲ್ಕೈದು ಸಲ ತವರಿನಲ್ಲಿ ನೋಡಿದ್ದೆ, ಅವಳ ಮನೆಗೆ ಹೋಗಿರಲಿಲ್ಲ. ಮಾಯಸಂದ್ರದಿಂದ ಎರಡು ಮೈಲಿ. ದೊಡ್ಡ ಮನೆ. ಅತ್ತೆ ಶಾಂತಮ್ಮ ಆದರದಿಂದ ಕೂರಿಸಿದರು. ಮೊಮ್ಮಗಳು ಪಿಯುಸಿಗೆ ತುರುವೇಕೆರೆಗೆ ಹೋಗುತ್ತಾಳೆ, ಬಹಳ ಚುರುಕು ಎಂದರು. ನಾನು ನೀರು ಬೇಕೆಂದು ಎದ್ದು ನೇರ ಒಳಗೆ ನಡೆದೆ.

ಅಡಿಗೆಮನೆಯ ಮೇಲೆ ಅಟ್ಟ ಇತ್ತು.

ಸುಧಾ ಮಟ್ಟೆ ಒಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಏಳುವಾಗ ಒಲೆಕಟ್ಟೆ ಹಿಡಿದುಕೊಂಡಳು. ನಾನು ಏನೂ ಕೇಳುವ ಮುಂಚೆ ಅವಳೇ ಹೇಳಿದಳು: "ಅಮ್ಮನ ತರ ಇಲ್ಲ ಸಿಸ್ಟ್ರೇ. ಮಳೆಗಾಲದಲ್ಲಿ ಮಾತ್ರ."

ಮೂವತ್ತೇಳು ವರ್ಷದವಳು. ನಾನು ಇಲ್ಲ ಎಂದು ಹೇಳಿ ತಂದು ಕೂರಿಸಿದ ಜಾಗ ಅದು.

ಮಾರನೆಯ ದಿನವೇ ತುರುವೇಕೆರೆಗೆ ಹೋಗಿ ಡಾಕ್ಟರಿಗೆ ತೋರಿಸುವುದೆಂದು ಹಟ ಹಿಡಿದೆ. ಶಾಂತಮ್ಮ ತಾವೂ ಬಂದರು. ಸೊಸೆ ಮೇಲೆ ಅಕ್ಕರೆ ಇತ್ತು, ಸುಳ್ಳು ಹೇಳುವುದಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಎದೆಗೆ ಕೊಳವೆ ಇಟ್ಟು ಕೇಳಿದಳು, ಊದಿಸಿದಳು, ಒಲೆಯ ವಿಷಯ ತಾನಾಗಿಯೇ ಕೇಳಿ ಬರೆದುಕೊಂಡಳು. ನನಗೆ ಸಮಾಧಾನವಾಯಿತು. ಆಮೇಲೆ ಕೇಳಿದಳು.

"ತಂದೆ ತಾಯಿ ಯಾರಿಗಾದರೂ ಉಬ್ಬಸ ಇತ್ತಾ?"

ಸುಧಾ ನನ್ನ ಮುಖ ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು. "ಇಲ್ಲ ಮೇಡಂ."

ಡಾಕ್ಟರು ಹಾಗೇ ಬರೆದುಕೊಂಡು ಪೆನ್ನು ಕೆಳಗಿಟ್ಟಳು.

"ಇತ್ತು" ಎಂದೆ ನಾನು. "ಇವಳ ತಾಯಿ ಅದರಲ್ಲೇ ಹೋದಳು. ಹೊಗೆಯಿಂದ. ವಂಶದಿಂದ ಬಂದದ್ದಲ್ಲ, ಒಲೆಯಿಂದ ಬಂದದ್ದು. ನನಗೆ ಅವತ್ತೇ ಗೊತ್ತಿತ್ತು."

ಶಾಂತಮ್ಮ ನನ್ನ ಕಡೆ ತಿರುಗಿ, "ನಮ್ಮಣ್ಣ ಕೇಳೋಕೆ ಬಂದಾಗ..." ಎಂದು ಶುರುಮಾಡಿ ನಿಲ್ಲಿಸಿದರು. 

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಸೊಸೆ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಕೂತೆ. ಮಾಯಸಂದ್ರದಲ್ಲಿ ಇಬ್ಬರೂ ಇಳಿದರು. ಶಾಂತಮ್ಮ ಮುಂದೆ ನಡೆದರು. ಸುಧಾ ನನ್ನ ಕಿಟಕಿಯ ಹತ್ತಿರ ಬಂದು ನಿಂತಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ.

"ನಂಗೂ ಒಂದು ಹೆಣ್ಣೈತೆ ಸಿಸ್ಟ್ರೇ. ಗೊತ್ತಲ್ಲ ನಿಮಗೆ."

"ಗೊತ್ತು" ಎಂದೆ.

ಬಸ್ಸು ಹೊರಟಿತು. ಅವಳು ರಸ್ತೆ ದಾಟಿ ಅತ್ತೆಯ ಹಿಂದೆ ಅಂಗಡಿಗಳ ಸಾಲಿನ ಮುಂದೆ ನಡೆದು ಹೋಗುವುದು ಕಾಣಿಸುತ್ತಿತ್ತು. ಡಾಕ್ಟರು ಬರೆದುಕೊಟ್ಟಿದ್ದ ಪಂಪಿನ ಡಬ್ಬಿ ಅವಳ ಕೈಯಲ್ಲಿತ್ತು. ಅದನ್ನು ಮುಚ್ಚಿಟ್ಟುಕೊಳ್ಳದೆ, ಎಲ್ಲರಿಗೂ ಕಾಣುವ ಹಾಗೆ, ಹಿಡಿದ ಹಾಗೇ ಹಿಡಿದುಕೊಂಡು ನಡೆದಳು.